ಎಳ್ಳು, ಬೆಲ್ಲ ಮತ್ತು ಅತ್ತೆ

ಗಿನಿಪಿಗ್ಗಿನ ಮುಖ ನೋಡುವ ಮೊದಲೇ ನಾನು ಅದರ ಕರುಳು ನೋಡಿದ್ದೆ. ಬಿ.ಫಾರ್ಮ. ಓದುತ್ತಿದ್ದ ಕಾಲ. ಫಾರ್ಮಕಾಲಜಿ ಲ್ಯಾಬಿನಲ್ಲಿ ಸಣ್ಣ ಕರುಳಿನ ಬೆರಳುದ್ದದ ತುಂಡಿಗೆ ದಾರ ಕಟ್ಟಿ, ಟೈರೋಡ್ ದ್ರಾವಣದ ಗಾಜಿನ ಕೊಳವೆಯಲ್ಲಿ ಇಳಿಬಿಡುತ್ತಿದ್ದರು. ಕೆಳಗಿನಿಂದ ಗಾಳಿಗುಳ್ಳೆ, ಸುತ್ತ ಬೆಚ್ಚನೆಯ ನೀರು, ಪಕ್ಕದಲ್ಲಿ ಮಸಿ ಹಿಡಿಸಿದ ಕಾಗದ ಸುತ್ತಿಕೊಂಡು ತಿರುಗುವ ಡ್ರಮ್ಮು. ಹಿಸ್ಟಮಿನ್ ಬಿಟ್ಟೊಡನೆ ಕರುಳು ಮುದುರುವುದು, ಕಡ್ಡಿ ಮಸಿಯ ಮೇಲೆ ಬಿಳಿಗೆರೆ ಗೀಚುವುದು. ಆ ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ, ಒಣಗಿಸಿ, ರೆಕಾರ್ಡಿಗೆ ಅಂಟಿಸಿದರೆ ಮಾರ್ಕು. ಮೊಲದ ಕರುಳು ಮದ್ದಿಲ್ಲದೆಯೂ ತನ್ನಷ್ಟಕ್ಕೆ ಕುಣಿಯುತ್ತಿರುತ್ತದೆ. ಗಿನಿಪಿಗ್ಗಿನದು ಮದ್ದು ಬೀಳುವ ತನಕ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪ್ರಾಣಿಯೂ ಅಷ್ಟೇ ಸಾಧು ಅಂದುಕೊಂಡಿದ್ದೆ.

ಮಗಳು ಕಂದು ಬಣ್ಣದ ಒಂದನ್ನು ಮನೆಗೆ ತಂದಾಗ ಅತ್ತೆಯದು ಒಂದೇ ಪ್ರಶ್ನೆ: "ದುಡ್ಡು ಕೊಟ್ಟು ಹೆಗ್ಗಣ ತರ್ತಾರೇನೇ?" ಬಾಲವಿಲ್ಲದ ಹೆಗ್ಗಣ ಎಲ್ಲಿದೆ ಅಜ್ಜಿ ಎಂದು ಮಗಳು ವಾದಕ್ಕೆ ನಿಂತಳು. ನಿಜ, ಬಾಲದ ಸುಳಿವೇ ಇಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಬಾಯಲ್ಲಿರುವ ಇಪ್ಪತ್ತೂ ಹಲ್ಲು ಸಾಯುವ ತನಕ ಬೆಳೆಯುತ್ತವೆ, ಹಾಗಾಗಿ ಹುಲ್ಲು ಜಗಿದು ಸವೆಸುತ್ತಲೇ ಇರಬೇಕು. ಸಂಕ್ರಾಂತಿ ಹತ್ತಿರವಿದ್ದುದರಿಂದ ಬೆಲ್ಲ ಎಂದು ಹೆಸರಾಯಿತು.

ಬೆಲ್ಲ ರಟ್ಟಿನ ಪೆಟ್ಟಿಗೆಯ ಮೂಲೆ ಬಿಟ್ಟು ಬರುತ್ತಿರಲಿಲ್ಲ. ಪಶುವೈದ್ಯೆ ತೂಕ ನೋಡಿ, ಹಲ್ಲು ನೋಡಿ, ಕಾಯಿಲೆ ಏನಿಲ್ಲ, ಜೊತೆ ಬೇಕು ಅಷ್ಟೇ ಎಂದರು. ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದಕ್ಕೆ 2008ರಿಂದ ಕಾನೂನಿನ ಅಡ್ಡಿಯೇ ಇದೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ನಾರ್ಬರ್ಟ್ ಸಾಕ್ಸರ್ ಮತ್ತವರ ಸಂಗಡಿಗರು ಇವುಗಳ ಸಂಸಾರವನ್ನು ವರ್ಷಗಟ್ಟಲೆ ನೋಡಿದ್ದಾರೆ. ಗುಂಪಿನಲ್ಲಿ ಬೆಳೆದ ಗಂಡು ಹೊಸ ಗುಂಪಿಗೆ ಹೋದರೂ ಹೊಂದಿಕೊಳ್ಳುತ್ತದಂತೆ; ಒಂಟಿಯಾಗಿ ಬೆಳೆದದ್ದು ಜಗಳಕ್ಕೆ ಬಿದ್ದು ತಾನೂ ನವೆಯುತ್ತದೆ. ಒಡನಾಡಿ ಹತ್ತಿರವಿದ್ದರೆ ಒತ್ತಡದ ಹಾರ್ಮೋನು ಕಡಿಮೆ ಏರುತ್ತದೆ. ರಕ್ತ ತೆಗೆದು ಅಳೆದದ್ದು ಇದು, ಕವಿಕಲ್ಪನೆಯಲ್ಲ.

ಹಾಗೆ ಬಂದದ್ದು ಎಳ್ಳು, ಕಪ್ಪನೆಯ ಮರಿಹೆಣ್ಣು. ಅದನ್ನು ಬಿಟ್ಟ ಕೂಡಲೆ ಬೆಲ್ಲದ ಕತ್ತಿನ ಕೂದಲು ನಿಮಿರಿತು. ಹಿಂಭಾಗ ಓಲಾಡಿಸುತ್ತ, ಮೈಯೊಳಗಿಂದ ಗುರ್ರೆನ್ನುತ್ತ, ನಿಧಾನವಾಗಿ ಎಳ್ಳಿನ ಸುತ್ತ ಒಂದು ಸುತ್ತು ಬಂತು. ಆಮೇಲೆ ಕಟಕಟ ಹಲ್ಲು ಕಡಿತ. ಎಳ್ಳು ಮೂತಿ ಮೇಲೆತ್ತಿತು, ಬೆಲ್ಲ ಇನ್ನೂ ಮೇಲೆತ್ತಿತು. ಯಾರ ಗದ್ದ ಮೇಲಿರುತ್ತದೋ ಅವರದೇ ಮಾತು ನಡೆಯುವುದು. ನಾಲ್ವರು ವಾರಗಿತ್ತಿಯರ ಮನೆಯಲ್ಲಿ ಬಾಳಿ ಬಂದ ಅತ್ತೆಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. "ಹಿರೇಸೊಸೆ ಗತ್ತು ನೋಡು" ಎಂದು ಕುರ್ಚಿ ಎಳೆದುಕೊಂಡು ಕೂತರು. ಸಂಜೆಗೆ ಎಳ್ಳು ಇದ್ದಕ್ಕಿದ್ದ ಹಾಗೆ ನಾಲ್ಕೂ ಕಾಲು ನೆಲಬಿಟ್ಟು ಚಿಮ್ಮಿ, ಗಾಳಿಯಲ್ಲೇ ಮೈ ತಿರುಚಿತು. ಸಂತೋಷವಾದರೆ ಹೀಗೆ ಕುಪ್ಪಳಿಸುತ್ತವೆ. ಸ್ವಲ್ಪ ಹೊತ್ತಿಗೆ ಬೆಲ್ಲವೂ ಪೆಟ್ಟಿಗೆಯಿಂದ ಹೊರಬಂದು ಅದನ್ನೇ ಮಾಡಿತು, ಭಾರದ ಮೈಯಾದ್ದರಿಂದ ಅರ್ಧಕ್ಕೆ.

ಸಾಧು ಎಂಬ ನನ್ನ ನಂಬಿಕೆ ಹಾರಿಹೋದದ್ದು ಆ ವಾರವೇ. ಫ್ರಿಜ್ಜಿನೊಳಗೆ ಕೊತ್ತಂಬರಿ ಕವರು ಸರಪರ ಎಂದರೆ ಸಾಕು, ಬಾಲ್ಕನಿಯಿಂದ ವೀಕ್, ವೀಕ್ ಎಂಬ ಕೂಗು ಮೂರನೆಯ ಮಹಡಿಗೆಲ್ಲ ಕೇಳಬೇಕು. ಸಾಕಿದ ಗಿನಿಪಿಗ್ಗು ತನ್ನ ಕಾಡಿನ ದಾಯಾದಿಗಳಿಗಿಂತ ಕಡಿಮೆ ಜಗಳಗಂಟಿ, ಹೆಚ್ಚು ಮಾತುಗಾರ. ಮನುಷ್ಯರ ಮಗ್ಗುಲಲ್ಲಿ ಕಳೆದ ಸಾವಿರಾರು ವರ್ಷಗಳ ಫಲವದು. ಆಂಡೀಸ್ ಬೆಟ್ಟಗಳ ರೈತರು ಇವನ್ನು ಅಡುಗೆಮನೆಯ ನೆಲದ ಮೇಲೇ ಬಿಟ್ಟು, ಸಿಪ್ಪೆ ಸೊಪ್ಪು ಹಾಕಿ ಸಾಕಿದವರು, ಈಗಲೂ ಸಾಕುವವರು. ಸಾಕುವುದು ತಿನ್ನಲಿಕ್ಕೆ. ನಾಟಿವೈದ್ಯರು ರೋಗ ಪತ್ತೆಹಚ್ಚಲು ರೋಗಿಯ ಮೈಮೇಲೆ ಇದನ್ನು ಆಡಿಸುವುದೂ ಉಂಟು. ಪೆರುವಿನ ಕುಸ್ಕೊ ಕೆಥೆಡ್ರಲಿನಲ್ಲಿ ಮಾರ್ಕೋಸ್ ಸಪಾಟಾ ಬರೆದ ಕೊನೆಯ ಭೋಜನದ ಚಿತ್ರದಲ್ಲಿ ಏಸುವಿನ ಮುಂದಿರುವ ತಟ್ಟೆಯಲ್ಲಿ ಮಲಗಿರುವುದೂ ಇದೇ ಎಂದು ಹೆಚ್ಚಿನವರು ಹೇಳುತ್ತಾರೆ. ಈ ಸಂಗತಿಯನ್ನು ಮಗಳಿಗೆ ಹೇಳಿಲ್ಲ.

ಹಡಗೇರಿ 16ನೇ ಶತಮಾನದಲ್ಲಿ ಯುರೋಪಿಗೆ ಹೋದದ್ದೇ ಇದು ಶ್ರೀಮಂತರ ಮಕ್ಕಳ ಮಡಿಲೇರಿತು. ಅಲ್ಲಿಂದ ಮುಂದೆ ವಿಜ್ಞಾನಿಗಳ ಕೈಗೆ. ಲಾವಾಸಿಯೆ, ಲಾಪ್ಲಾಸ್ ಇಬ್ಬರೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಗಿನಿಪಿಗ್ಗನ್ನಿಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ತೂಗಿದರು. ಉಸಿರಾಟವೂ ಒಂದು ಬಗೆಯ ನಿಧಾನದ ಉರಿ ಎಂದು ತಿಳಿದದ್ದು ಹಾಗೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಇವಕ್ಕೆ ಬರೀ ಧಾನ್ಯ ಹಾಕಿದಾಗ ನಾವಿಕರ ಸ್ಕರ್ವಿ ರೋಗವೇ ಬಂತು. ಇಲಿಯ ಮೈ ಸಿ ಜೀವಸತ್ವವನ್ನು ತಾನೇ ಮಾಡಿಕೊಳ್ಳುತ್ತದೆ; ನಮ್ಮ ಮೈಗೂ ಗಿನಿಪಿಗ್ಗಿನ ಮೈಗೂ ಅದು ಬರುವುದಿಲ್ಲ. ಇಲಿಯ ಮೇಲೇ ಪ್ರಯೋಗ ಮಾಡಿದ್ದರೆ ಸುಳಿವು ಸಿಗುವುದು ಇನ್ನೆಷ್ಟು ತಡವಾಗುತ್ತಿತ್ತೋ.

ಈ ಸಿ ಜೀವಸತ್ವದ ಖಾತೆಯನ್ನು ಈಗ ಅತ್ತೆ ವಹಿಸಿಕೊಂಡಿದ್ದಾರೆ. ಗಣಪತಿಗೆ ತಂದ ಗರಿಕೆಯಲ್ಲಿ ಇವಕ್ಕೂ ಪಾಲು. ದಿನಾ ಒಂದೊಂದು ತುಂಡು ದಪ್ಪ ಮೆಣಸಿನಕಾಯಿ, ಎರಡು ಬಟ್ಟಲಲ್ಲಿ. ಆದರೆ ಎರಡೂ ಒಂದೇ ಬಟ್ಟಲಿಗೆ ಮೂತಿ ಹಾಕುತ್ತವೆ. ಬೆಲ್ಲ ಗದ್ದ ಎತ್ತುತ್ತದೆ, ಎಳ್ಳು ತುಂಡು ಕಚ್ಚಿಕೊಂಡು ಓಡುತ್ತದೆ, ಇನ್ನೊಂದು ಬಟ್ಟಲು ಹಾಗೇ ಉಳಿದಿರುತ್ತದೆ. "ಮೂರು ಬಟ್ಟಲಿಟ್ಟು ನೋಡೋಣ್ವಾ?" ಎಂದೆ. "ನಾಲ್ಕಿಟ್ಟರೂ ಅಷ್ಟೇ ಕಣೇ, ನಾನು ನೋಡಿಲ್ವಾ" ಎಂದರು ಅತ್ತೆ.