ಅವ್ವನ ಕೈಯ ಲೆಕ್ಕ

ಹುಲಿಕೆರೆ
ಕಾರ್ತಿಕ ಶುದ್ಧ ತದಿಗೆ

ಪ್ರೀತಿಯ ಪುಟ್ಟಕ್ಕ,

ಮಗುವಿಗೆ ಜ್ವರ ಇಳಿಯಿತೆಂದು ಕೇಳಿ ಜೀವ ಹಗುರಾಯಿತು. ಹಬ್ಬಕ್ಕೆ ನೀನು ಬರಲಿಲ್ಲವೆಂದು ಅವ್ವ ಮುನಿಸಿಕೊಂಡಿಲ್ಲ, ಆ ಚಿಂತೆ ಬಿಡು. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಮಾತು ತುಂಡಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಳದಲ್ಲಿ ಒಂದು ರಂಗೋಲಿ ಎದ್ದಿದೆ. ಹಿಟ್ಟಿನದಲ್ಲ, ಬೆಳಕಿನದು.

ಅವ್ವನ ಮಂಡಿ ಬಗ್ಗದೆ ಎರಡು ವರ್ಷವಾಯಿತು. ಬೆಳಿಗ್ಗೆ ನಿಂತುಕೊಂಡೇ ಸಗಣಿ ನೀರು ಚಿಮುಕಿಸುತ್ತಾಳೆ, ಆಮೇಲೆ ಒದ್ದೆ ನೆಲವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗುತ್ತಾಳೆ. ಆ ನೋಟ ನನಗೆ ತಡೆಯಲಾಗುತ್ತಿರಲಿಲ್ಲ. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಪಿಕ್ಸೆಲ್ ಬಲ್ಬಿನ ಒಂದು ಸರ ತಂದೆ. ಹುಣಸೆ ಬೀಜದಷ್ಟು ದಪ್ಪದ 50 ಬಲ್ಬು, 5 ವೋಲ್ಟಿನವು. ಕೊಟ್ಟಿಗೆಯ ಹಳೇ ಬಾಗಿಲ ಹಲಗೆಗೆ 12 ಮಿಲಿಮೀಟರಿನ ತೂತು ಕೊರೆದು ಚುಕ್ಕಿ ಇಟ್ಟೆ: 4, 5, 6, 7, ಮತ್ತೆ 6, 5, 4. ಒಟ್ಟು 37. ಅವ್ವನ ಏಳರ ಚುಕ್ಕಿ, ನಿನಗೆ ಗೊತ್ತೇ ಇದೆ. ಉಳಿದ 13 ತುಳಸಿಕಟ್ಟೆ ಸುತ್ತಿದವು.

ಈ ಬಲ್ಬುಗಳ ಗುಣ ನನಗೆ ತುಂಬಾ ಹಿಡಿಸಿತು. ಇಎಸ್‌ಪಿ32 ಎಂಬ ಅಂಗೈಗಿಂತ ಚಿಕ್ಕ ಸರ್ಕ್ಯೂಟ್ ಬೋರ್ಡು ಎಲ್ಲ ಬಲ್ಬುಗಳ ಪಾಲನ್ನೂ ಒಂದೇ ತಂತಿಯಲ್ಲಿ ಕಳಿಸುತ್ತದೆ. ಮೊದಲ ಬಲ್ಬು ತನ್ನ 24 ಬಿಟ್ಟುಗಳನ್ನು, ಕೆಂಪು, ಹಸಿರು, ನೀಲಿಗೆ ಎಂಟೆಂಟರಂತೆ, ಇಟ್ಟುಕೊಂಡು ಮಿಕ್ಕಿದ್ದನ್ನು ಪಕ್ಕದ ಬಲ್ಬಿಗೆ ದಾಟಿಸುತ್ತದೆ. ಪಂಕ್ತಿಯಲ್ಲಿ ಬಾಳೆಎಲೆ ದಾಟಿಸುತ್ತೇವಲ್ಲ, ಹಾಗೆ. ನಡುವೆ ಒಬ್ಬ ಕೈಕೊಟ್ಟರೆ ಆಚೆ ಕೂತವರಿಗೆಲ್ಲ ಎಲೆಯೇ ಇಲ್ಲ. ನನಗೂ ಹಾಗಾಯಿತು. ನಾನು ಬೆಸುಗೆ ಹಾಕಿದ ಒಂದು ಗಂಟಿಗೆ ಇಬ್ಬನಿ ಇಳಿದು ಅರ್ಧ ಹಲಗೆ ಕತ್ತಲಾಯಿತು. ಗಂಟು ಬಿಚ್ಚಿ ಮತ್ತೆ ಬೆಸೆದು, ಮೇಲೆ ರಬ್ಬರಿನಂಥ ಕೊಳವೆ ಕಾಯಿಸಿ ಮುಚ್ಚಿದೆ. ಸರದ ತುದಿಯವು ಬೆಳ್ಳಗೆ ಉರಿಯದೆ ಕೆಂಚಗಾಗುತ್ತಿದ್ದವು. ಅಷ್ಟು ದೂರ ಹೋಗುವಷ್ಟರಲ್ಲಿ ವೋಲ್ಟೇಜ್ ಸೊರಗುತ್ತದೆ. ತುದಿಗೂ ಒಂದು ಜೊತೆ ತಂತಿ ಎಳೆದು ಕರೆಂಟು ಕೊಟ್ಟ ಮೇಲೆ ಸರಿಹೋಯಿತು.

ನಿಜವಾದ ಕಷ್ಟ ಬೇರೆ ಇತ್ತು. ಹಲಗೆಯ ಹಿಂದೆ ತಂತಿ ಹಾವಿನಂತೆ ಓಡುತ್ತದೆ, ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ತಂತಿಯ ಲೆಕ್ಕದಲ್ಲಿ ನಟ್ಟನಡುವಿನ ಚುಕ್ಕಿ 19, ಅದಕ್ಕೆ ತಾಗಿದ ಮೇಲಿನವು 12 ಮತ್ತು 13, ಕೆಳಗಿನವು 25 ಮತ್ತು 26. ಅವ್ವನ ಲೆಕ್ಕ ಇದಲ್ಲವಲ್ಲ. ನಮ್ಮೂರ ಕಲ್ಯಾಣಿಯ ಗುಡಿ ಎಣಿಸುತ್ತಿದ್ದೆವಲ್ಲ, ನೆನಪಿದೆಯಾ? 27 ನಕ್ಷತ್ರಕ್ಕೆ 27 ಗುಡಿ ಅನ್ನುತ್ತಿದ್ದರು. ನೀನು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹೊರಟು, ನಿನ್ನ ಏಳನೆಯದು ಸರಿಯೋ ನನ್ನ ಏಳನೆಯದು ಸರಿಯೋ ಎಂದು ಜಗಳವಾಡುತ್ತಿದ್ದೆವು. ಹೊಯ್ಸಳರ ಕಲ್ಲು ಅಲ್ಲೇ ಇತ್ತು, ನಮ್ಮ ಎಣಿಕೆ ಮಾತ್ರ ಬೇರೆ ಬೇರೆ.

'ಯಾವ ಚುಕ್ಕಿಯಿಂದ ಶುರುಮಾಡ್ತೀಯ?' ಅಂತ ಅವ್ವನನ್ನು ಕೇಳಿದೆ. ಹೇಳಲು ಬರಲಿಲ್ಲ. ಮೂರು ಸಲ ಹೇಳಿದಳು, ಮೂರು ಸಲವೂ ಬೇರೆ. ಕೊನೆಗೆ ಮೊರದಲ್ಲಿ ರಾಗಿಹಿಟ್ಟು ಹರಡಿ ತೊಡೆಯ ಮೇಲಿಟ್ಟೆ. ಬೆರಳು ತಾನೇ ಹೊರಟಿತು. ಫೋನಿನಲ್ಲಿ ಹಿಡಿದುಕೊಂಡೆ, ರಾತ್ರಿ ನಿಧಾನಕ್ಕೆ ಓಡಿಸಿ ಒಂದೊಂದೇ ಅಂಕಿ ಬರೆದೆ. ಅವ್ವ ನಡುವಿನಿಂದಲೇ ಹೊರಡುತ್ತಾಳೆ ಪುಟ್ಟಕ್ಕ. ಒಂದು ಎಸಳು ಮುಗಿಸಿ ನಡುವಿಗೆ ಬಂದು, ಎದುರಿನ ಎಸಳಿಗೆ ಹೋಗುತ್ತಾಳೆ, ಪಕ್ಕದ್ದಕ್ಕಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೇನೆ, ನನಗೆ ಇದು ತಿಳಿದೇ ಇರಲಿಲ್ಲ.

ಡಬ್ಲ್ಯೂಎಲ್‌ಇಡಿ ಎಂಬ ತಂತ್ರಾಂಶವಿದೆ, ದುಡ್ಡು ಕೊಡಬೇಕಿಲ್ಲ. ತಂತಿಯ ಸಂಖ್ಯೆಯನ್ನು ನಮಗೆ ಬೇಕಾದ ಸಂಖ್ಯೆಗೆ ಹೊಂದಿಸುವ ಪಟ್ಟಿಯನ್ನು ಅದು ಒಪ್ಪಿಕೊಳ್ಳುತ್ತದೆ. ಅದರೊಳಗೆ ಅವ್ವನ ಬೆರಳಿನ ಹಾದಿ ಹಾಕಿದೆ. ನಡುವಿನದು ಒಮ್ಮೆ ಹೊತ್ತಿದ ಮೇಲೆ ಹೊತ್ತಿಯೇ ಇರಲಿ ಅಂದಳು.

ಅಮಾವಾಸ್ಯೆಯ ಸಂಜೆ ಮೊದಲು ಬಿಳಿಯಲ್ಲಿ ಹಚ್ಚಿದೆ. 'ಟ್ಯೂಬ್‌ಲೈಟ್ ಹಂಗೈತೆ' ಅಂದಳು. ನೀಲಿಯನ್ನು 255ರಿಂದ 40ಕ್ಕೆ ಇಳಿಸಿದೆ, ಹಸಿರನ್ನು 140ಕ್ಕೆ. ಹಣತೆಯ ಬಣ್ಣ ಬಂತು. ಪ್ರಖರತೆಯನ್ನೂ ಆರರಲ್ಲೊಂದು ಪಾಲಿಗೆ ತಂದೆ, ಪಕ್ಕದ ಹಣತೆಗಳು ಮಂಕಾಗಬಾರದಲ್ಲ. ಮೈಸೂರಿನ ಅರಮನೆ ನೋಡಲು ಅಪ್ಪ ಕರೆದುಕೊಂಡು ಹೋಗಿದ್ದ ಭಾನುವಾರ ನೆನಪಾಯಿತು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಏಟಿಗೆ ಹೊತ್ತಿದಾಗ ನೀನು ಅಪ್ಪನ ಕೈ ಹಿಂಡಿದ್ದೆ. ಅದರ ಸೊಗಸೇ ಬೇರೆ. ನನಗೆ ಬೇಕಿದ್ದದ್ದು ಒಂದಾದ ಮೇಲೊಂದು ಹೊತ್ತುವುದು.

ಅವ್ವ ಜಗಲಿಯಲ್ಲಿ ಕೂತು ನೋಡಿದಳು. 'ಇಷ್ಟು ಬಿರ್ರನೆ ಬರೀತೀನಾ ನಾನು?' ಅಂದಳು. ವೇಗ ಇಳಿಸಿದೆ, ಮತ್ತೂ ಇಳಿಸಿದೆ. ಆಮೇಲೆ ಅವಳ ತೋರುಬೆರಳು ಮಡಿಲಲ್ಲೇ ಬೆಳಕಿನ ಜೊತೆ ಓಡಾಡತೊಡಗಿತು. ನಾನು ಮಾತಾಡಲಿಲ್ಲ. ಪಕ್ಕದ ಮನೆ ಹುಡುಗರು ಬಂದು, ಮುಂದೆ ಯಾವ ಚುಕ್ಕಿ ಹೊತ್ತುತ್ತದೆಂದು ಪಂತ ಕಟ್ಟಿಕೊಂಡು ಕೂತರು.

ಒಂದು ಮಾತು ಉಳಿದಿದೆ. ಕೆಳಗಿನ ಬಲಮೂಲೆಯ ಮೂರು ಚುಕ್ಕಿ, 29, 36, 37, ಕತ್ತಲಾಗಿಯೇ ಇವೆ. ಹಾಳಾಗಿಲ್ಲ. ಮೊರದಲ್ಲಿ ಅಲ್ಲಿಗೆ ಬಂದಾಗ ಅವ್ವ ಕೈ ಎತ್ತಿಬಿಟ್ಟಳು. 'ಅದನ್ನ ಪುಟ್ಟಿ ಮುಗಿಸೋಳು' ಅಂದಳು. ಎಷ್ಟು ಕೇಳಿದರೂ ಬರೆಯಲಿಲ್ಲ.

ಉತ್ಥಾನ ದ್ವಾದಶಿಗೆ ಇನ್ನು ಒಂಬತ್ತು ದಿನ. ನೆಲ್ಲಿಕೊಂಬೆ ಈಗಲೇ ಹೇಳಿಟ್ಟಿದ್ದೇನೆ. ಮಗು ಚೆನ್ನಾಗಿದ್ದರೆ ಬಂದುಬಿಡು. ಆಗದಿದ್ದರೆ ತಟ್ಟೆಯಲ್ಲಿ ಹಿಟ್ಟು ಹರಡಿ ಆ ಮೂಲೆಯೊಂದನ್ನು ಬರೆದು, ಬೆರಳು ಕಾಣುವ ಹಾಗೆ ವೀಡಿಯೊ ಕಳಿಸು. 36ರಿಂದ 37ಕ್ಕೆ ಹೋಗುತ್ತೀಯೋ 29ರಿಂದ ಇಳಿಯುತ್ತೀಯೋ, ಅಷ್ಟು ತಿಳಿದರೆ ನನಗೆ ಸಾಕು.

ನಿನ್ನ ತಮ್ಮ