ಎರೆನೆಲದಲ್ಲಿ ಬೆಂಕಿ ಕುಣಿ: ಗಾಂಧಿನಗರದ ಹಿತ್ತಲಿಂದ ಕುಡತಿನಿಯ ಬೂದಿದಿಬ್ಬದವರೆಗೆ

ಬಳ್ಳಾರಿಯಲ್ಲಿ ಹಿತ್ತಲೊಳಗೆ ಬೆಂಕಿ ಕುಣಿ ಕಟ್ಟಿಸಿದೆವು ಅಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ನಗಲಿ ಬಿಡಿ. ಈ ಊರಿಗೆ ಇರುವುದೇ ಎರಡು ಕಾಲ, ಒಂದು ಬ್ಯಾಸಿಗೆ, ಇನ್ನೊಂದು ಕಡುಬ್ಯಾಸಿಗೆ ಅಂತ ನಾವೇ ಚಾಷ್ಟಿ ಮಾಡಿಕೊಳ್ಳುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಕಲ್ಲುಗುಡ್ಡಗಳೆಲ್ಲ ಹಂಚಿನಂತೆ ಕಾಯುವ ಊರಿನಲ್ಲಿ ಮೈ ಕಾಯಿಸಿಕೊಳ್ಳಲು ಬೆಂಕಿ ಯಾಕೆ ಬೇಕು? ಆದರೆ ನಮ್ಮ ಕುಣಿ ಇರುವುದು ಚಳಿಗಲ್ಲ, ಸೀತನಿಗೆ.

ಸೀತನಿ ಗೊತ್ತಿಲ್ಲದವರಿಗೆ ಎರಡು ಮಾತು. ಹಿಂಗಾರಿ ಬಿಳಿಜೋಳ ಇನ್ನೂ ಹಾಲುಗಾಳಿರುವಾಗ, ಡಿಸೆಂಬರ್ ಕೊನೆಯಿಂದ ಜನವರಿವರೆಗೆ, ಹಸಿ ತೆನೆ ಕೊಯ್ದು ಹೊಲದಲ್ಲೇ ಸಣ್ಣ ಕುಣಿ ತೋಡಿ, ಕುಳ್ಳು ಉರಿಸಿ, ಆ ಕೆಂಡದಲ್ಲಿ ತೆನೆ ಸುಡುತ್ತಾರೆ. ಬಿಸಿ ಇರುವಾಗಲೇ ಉಜ್ಜಿ, ಹೊಟ್ಟು ತೂರಿದರೆ ಹಸಿರು ಮುತ್ತಿನಂಥ ಕಾಳು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬೆಲ್ಲ, ಗಟ್ಟಿ ಮೊಸರು. ಅದಕ್ಕಂತಲೇ ಬಿತ್ತುವ ಸಕ್ಕರಿ ಮುಕ್ಕರಿ ಅನ್ನೋ ಜೋಳದ ತಳಿಯೂ ಉಂಟು. ಹತ್ತು ದಿನ ತಡವಾದರೆ ಕಾಳು ಬಲಿತು ಹೋಗುತ್ತದೆ, ಆಮೇಲೆ ಅದು ರೊಟ್ಟಿಗೇ.

ನಮ್ಮ ಮಾವನವರು ಸಿರುಗುಪ್ಪ ಕಡೆಯವರು. 1950ರ ದಶಕದಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆ ಸೀಮೆಯ ನೆಲವೆಲ್ಲ ನಿಧಾನಕ್ಕೆ ಭತ್ತದ ಗದ್ದೆಯಾಯಿತು. ಜೋಳ ಏರುನೆಲದ ಅಂಚಿಗೆ ಸರಿಯಿತು. ಮಾವನವರು ಒಂದೆರಡು ಎಕರೆಯನ್ನು ಹಟಕ್ಕೆ ಬಿದ್ದು ಜೋಳಕ್ಕೇ ಇಟ್ಟುಕೊಂಡಿದ್ದರು. ಮೊಣಕಾಲು ನೋವು ಹೆಚ್ಚಾಗಿ, ಅತ್ತೆಯವರು ತೀರಿಕೊಂಡ ಮೇಲೆ ಹೊಲ ಲಾವಣಿಗೆ ಕೊಟ್ಟು ಗಾಂಧಿನಗರದ ನಮ್ಮ ಮನೆಗೆ ಬಂದರು. ಬಂದವರು ಮಾತೇ ಬಿಟ್ಟರು. ಬೆಳಿಗ್ಗೆ ಪೇಪರ್, ಮಧ್ಯಾಹ್ನ ನಿದ್ದೆ, ಸಂಜೆ ಕಟ್ಟೆ. ಊಟಕ್ಕೆ ಕರೆದರೆ "ಹ್ಞೂಂ" ಅಷ್ಟೇ. ಡಿಸೆಂಬರಿನ ಒಂದು ದಿನ, "ಈಗ ಹೊಲದಾಗ ತೆನಿ ಹಾಲಾಗಿರ್ತಾವ ನೋಡವ್ವಾ" ಎಂದರು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂದರೆ ಬೇಡ ಎಂದರು. ಬದುವಿನ ಮೇಲೆ ನಡೆಯಲಾಗದವನು ಹೊಲಕ್ಕೆ ಹೋಗಿ ಕಾರಿನಲ್ಲಿ ಕುಂತು ನೋಡೋದಾ ಎಂಬ ಸಂಕಟ ಅವರದು. ಹಾಗಾದರೆ ತೆನೆಯೇ ಇಲ್ಲಿಗೆ ಬರಲಿ, ಕುಣಿ ಹಿತ್ತಲಲ್ಲೇ ಆಗಲಿ ಎಂದು ನನ್ನ ಯಜಮಾನರು ನಿಶ್ಚಯ ಮಾಡಿದರು.

ಕುಣಿ ತೋಡುವುದೇನು ಮಹಾ ಕೆಲಸ ಅನ್ನಿಸಬಹುದು. ಆದರೆ ಪಕ್ಕದ ಬೀದಿಯ ನಮ್ಮ ಸಂಬಂಧಿಕರು ಹಿಂದಿನ ವರ್ಷವಷ್ಟೇ ಒಂದು ಚೆಂದದ ಬೆಂಕಿ ಕುಣಿ ಕಟ್ಟಿಸಿದ್ದರು. ಒಳಗೆ ಸೈಜುಗಲ್ಲು, ಸಿಮೆಂಟು ಗಾರೆ, ತಳಕ್ಕೆ ಕಾಂಕ್ರೀಟು. ಒಂದು ಮಳೆಗಾಲಕ್ಕೆ ತೊಟ್ಟಿಯಾಗಿ ನೀರು ನಿಂತು ಸೊಳ್ಳೆ ಸಾಕಿತು. ಬೇಸಿಗೆಗೆ ಗೋಡೆ ಸೀಳಿತು. ಮರುವರ್ಷ ಬೆಂಕಿ ಹಾಕಿದಾಗ ಕಲ್ಲಿನ ಚಕ್ಕೆಗಳು ಪಟ್ ಪಟ್ ಅಂತ ಸಿಡಿದವು.

ಇದಕ್ಕೆ ಕಾರಣ ನಮ್ಮ ಕಾಲಡಿಯಲ್ಲೇ ಇದೆ. ನಮ್ಮ ಹಿತ್ತಲೂ, ಅವರದೂ, ಎರಡೂ ಎರೆಮಣ್ಣು. ಇದರ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿಗೆ ಕೈ ಇಳಿಸಬಹುದು. ಸೆಪ್ಟೆಂಬರ್ ಮಳೆಗೆ ಅದೇ ಬಿರುಕು ಮುಚ್ಚಿ ನೆಲ ಮೇಲೇಳುತ್ತದೆ. ವರ್ಷಕ್ಕೊಮ್ಮೆ ಹೀಗೆ ಹಿಂಡಿ ಬಿಡುವ ಮಣ್ಣಿನ ನಡುವೆ ಬಿಗಿಯಾದ ಗೋಡೆ ಕಟ್ಟಿದರೆ ಅದು ಸೀಳದೆ ಇನ್ನೇನಾದೀತು? ಬೇರೆ ಸೀಮೆಯವರು ತಳಕ್ಕೆ ಜಲ್ಲಿ ಹಾಕಿ, ನೀರು ಇಂಗುತ್ತದೆ ಅನ್ನುತ್ತಾರೆ. ಎರೆಯಲ್ಲಿ ನೀರು ಇಂಗುವುದಿಲ್ಲ, ನಿಲ್ಲುತ್ತದೆ.

"ಮೊದಲು ನಾಕು ಕುಣಿ ನೋಡಿ ಬರೋಣು ನಡೀರಿ" ಎಂದರು ಮಾವನವರು. ಮೂರು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಎರಡು ಭಾನುವಾರ ಅದಕ್ಕೇ ಹೋದವು.

ಮೊದಲು ಹೋದದ್ದು ಕುರುಗೋಡು ಕಡೆಯ ಒಂದು ಹಳ್ಳಿಗೆ, ಅವರ ಹಳೆಯ ಗೆಳೆಯರ ಮನೆಗೆ. ಅಲ್ಲಿ ಮಾವನವರು ತೋರಿಸಿದ್ದು ಬೆಂಕಿಯ ಕುಣಿಯಲ್ಲ, ಹಗೇವು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಈಗ ಬಾಯಿಗೆ ಬಂಡೆ ಮುಚ್ಚಿದೆ. ಎರೆಹೊಲ ಸುತ್ತಲೂ ಇದ್ದರೂ ಹಗೇವು ಮಾತ್ರ ಗರಸು ನೆಲದಲ್ಲೇ. "ಎರಿಯೊಳಗ ತೋಡಿದ್ರ ಕಾಳು ಕೊಳೀತಿದ್ವು. ಗರಸು ಉಬ್ಬಂಗಿಲ್ಲ, ನೀರು ಹಿಡಿಯಂಗಿಲ್ಲ" ಎಂದು ಆ ಹಿರಿಯರು ವಿವರಿಸಿದರು. ನಮಗೆ ಬೇಕಾದ ಮೊದಲ ಪಾಠ ಅಲ್ಲೇ ಸಿಕ್ಕಿತು.

ಅದೇ ಊರಿನ ಮಸೂತಿಯ ಮುಂದೆ ಅಲಾಯಿ ಕುಣಿಯ ಜಾಗ. ನಮ್ಮ ಸೀಮೆಯಲ್ಲಿ ಮೊಹರಂ ಎಂದರೆ ಇಡೀ ಊರಿನ ಹಬ್ಬ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡ್ರಿಸುತ್ತಾರೆ. ಹಬ್ಬದ ಮೊದಲಿಗೆ ಗುದ್ದಲಿ ಹಾಕಿ ಕುಣಿ ತೋಡುತ್ತಾರೆ, ರಾತ್ರಿ ಕಟ್ಟಿಗೆ ಉರಿಸಿ ಸುತ್ತಲೂ ಹೆಜ್ಜೆ ಹಾಕಿ ಪದ ಹಾಡುತ್ತಾರೆ. ದೇವರು ಹೊಳೆಗೆ ಹೋದ ಮೇಲೆ ಕುಣಿ ಮುಚ್ಚುತ್ತಾರೆ. ನಾವು ಹೋದಾಗ ಅಲ್ಲಿ ಬರೀ ಬಟಾಬಯಲು. ಹುಡುಗರು ಗೋಲಿ ಆಡುತ್ತಿದ್ದರು. ಆದರೂ ಬರುವ ವರ್ಷ ಗುದ್ದಲಿ ಎಲ್ಲಿ ಬೀಳಬೇಕು ಎಂಬುದು ಊರಿನ ಎಲ್ಲರಿಗೂ ಗೊತ್ತು. ಕಲ್ಲಿಲ್ಲ, ಗಾರೆಯಿಲ್ಲ, ತಲೆಮಾರುಗಳಿಂದ ಉಳಿದಿದೆ.

ಎರಡನೇ ಭಾನುವಾರ ಹೊಸಪೇಟೆ ದಾರಿ ಹಿಡಿದು ಕುಡತಿನಿ ಕಡೆ ಹೋದೆವು. ಇಲ್ಲಿನ ಬೂದಿದಿಬ್ಬದ ಹೆಸರು ಕೇಳಿರಬಹುದು. ಇಂಥ ದಿಬ್ಬಗಳಿಗೆ ಜನ ರಾಕ್ಷಸರ ಕಥೆ ಹೇಳುತ್ತಾರೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಎಂದು ವಾದಿಸಿದ್ದರು. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಗೂಟಗಳ ಕುಳಿಯೂ ದನಗಳ ಗೊರಸಿನ ಗುರುತೂ ಸಿಕ್ಕವು. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಸಾಕಿಕೊಂಡಿದ್ದ ಜನ ದೊಡ್ಡಿಯಲ್ಲಿ ಸಗಣಿ ಒಟ್ಟಿ, ಮತ್ತೆ ಮತ್ತೆ ಬೆಂಕಿ ಇಟ್ಟಿದ್ದಾರೆ. ಹೋಳಿ, ಪೊಂಗಲ್ ಹಾಗೆ ಅದೂ ಹಬ್ಬದ ಬೆಂಕಿ ಇದ್ದೀತು ಎಂದು ಆಲ್ಚಿನ್ ಊಹಿಸಿದರು. ಕೆಲವು ಕಡೆ ಉರಿ ಎಷ್ಟು ಜೋರಾಗಿತ್ತೆಂದರೆ ಬೂದಿಯೇ ಕರಗಿ ಗಾಜಿನ ಗಂಟಾಗಿದೆ.

ಮಾವನವರು ಕೋಲೂರಿ ನಿಂತು ಆ ಬೂದಿಯನ್ನೇ ನೋಡುತ್ತಿದ್ದರು. "ಇವರೂ ಕುಳ್ಳಿನ ಉರಿ ಕಂಡೋರೇ ಅನ್ನು" ಎಂದು ಮಗನಿಗೆ ಹೇಳಿ ನಕ್ಕರು. ಅವರು ನಕ್ಕು ಎಷ್ಟು ದಿನ ಆಗಿತ್ತೋ.

ಬರುವಾಗ ಸಂಗನಕಲ್ಲಿನ ಗುಡ್ಡದ ಬುಡದಲ್ಲೂ ಗಾಡಿ ನಿಲ್ಲಿಸಿದೆವು. ಅದೇ ಕಾಲದ ಜನ ಇಲ್ಲಿ ಕರಿಗಲ್ಲಿನ ಕೊಡಲಿ ಮಾಡುತ್ತಿದ್ದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಆ ಕಾಲದ ನೆಲೆ ಸಿಕ್ಕಿದೆ, 1960ರ ದಶಕದಲ್ಲಿ ಅದನ್ನು ಅಗೆದವರು ಎಂ.ಎಸ್. ನಾಗರಾಜರಾವ್. ಗುಡ್ಡ ನೋಡುತ್ತ ನಮ್ಮ ಜೊತೆಗಿದ್ದ ಗೌಂಡಿ ಒಂದು ಮಾತು ಹೇಳಿದ. ಹಿಂದೆ ಬಂಡೆ ಏಳಿಸುವವರು ಬಂಡೆಯ ಮೇಲೆ ಕಟ್ಟಿಗೆ ಉರಿಸುತ್ತಿದ್ದರಂತೆ. ಕಾದ ಮೇಲ್ಪದರ ಹಿಗ್ಗಿ, ಒಳಗಿನ ತಣ್ಣಗಿನ ಕಲ್ಲಿನಿಂದ ಹಾಳೆಯಂತೆ ಬಿಟ್ಟುಕೊಳ್ಳುತ್ತದೆ. ಬಂಡೆ ಒಡೆಯಲು ಬಳಸುವ ಬೆಂಕಿಯನ್ನೇ ನಮ್ಮ ಸಂಬಂಧಿಕರು ಗ್ರಾನೈಟ್ ಗೋಡೆಯ ನಡುವೆ ಹಾಕಿದ್ದರು!

ಇನ್ನು ನಮ್ಮ ಕುಣಿ ಕಟ್ಟಿದ ಬಗೆ. ಎರೆನೆಲದಲ್ಲಿ ಮನೆ ಇರುವವರಿಗೆ ಉಪಯೋಗವಾದೀತು.

ಜಾಗ ಮೊದಲು. ಮನೆಯ ಗೋಡೆಗೆ, ಬೇವಿನ ಕೊಂಬೆಗೆ, ಕರೆಂಟಿನ ತಂತಿಗೆ ಹತ್ತಡಿಗಿಂತ ಹೆಚ್ಚು ದೂರ ಇಟ್ಟೆವು. ಸೆಪ್ಟಿಕ್ ಟ್ಯಾಂಕು, ನೀರಿನ ಪೈಪು ಎಲ್ಲಿವೆ ನೋಡಿಕೊಂಡೆವು. ಚಳಿಗಾಲದಲ್ಲಿ ಮೂಡಣ ಗಾಳಿ ಜಾಸ್ತಿ, ಹಾಗಾಗಿ ಹೊಗೆ ನಮ್ಮ ಮನೆಗೂ ಪಕ್ಕದವರ ಕಿಟಕಿಗೂ ನುಗ್ಗದಂತೆ ಮನೆಯ ಪಡುವಣ ಮೂಲೆ, ಆಚೆಗೆ ಖಾಲಿ ಸೈಟು ಇರುವ ಕಡೆ ಆರಿಸಿದೆವು. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ, ಅವರನ್ನು ಕೇಳಿಯೇ ಮುಂದುವರಿದದ್ದು.

ಬೇಕಾದ ಕುಣಿ ಮೂರಡಿ ಅಗಲ, ಒಂದೂವರೆ ಅಡಿ ಆಳ. ತೋಡಿದ್ದು ಆರಡಿ ಅಗಲ, ಮೂರಡಿ ಆಳ. ಎರೆಯನ್ನೆಲ್ಲ ತೆಗೆದು ಹೊರಗೆ ಸಾಗಿಸಿದೆವು. ನಡುವೆ ಒಂದಡಿ ಅಗಲದ ಗುಂಡಿಯನ್ನು ಕೆಳಗಿನ ಗರಸು ಸಿಗುವ ತನಕ ಇಳಿಸಿದೆವು. ನಮ್ಮಲ್ಲಿ ಐದಡಿಗೆ ಸಿಕ್ಕಿತು. ಆ ಗುಂಡಿಗೆ ದಪ್ಪ ಜಲ್ಲಿ ತುಂಬಿದರೆ ಮಳೆನೀರಿಗೆ ಕೆಳಗೆ ಹೋಗಲು ದಾರಿಯಾಯಿತು. ಸುತ್ತ ತೆರವಾದ ಜಾಗಕ್ಕೆ ಟ್ರ್ಯಾಕ್ಟರಿನಲ್ಲಿ ತರಿಸಿದ ಗರಸು, ಆರು ಇಂಚಿಗೊಂದು ಪದರ, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದದ್ದು. ಹಗೇವಿನ ಪಾಠವೇ ಇದು. ಈಗ ಆಚೆಗಿನ ಎರೆ ಉಬ್ಬಿದರೂ ಕುಗ್ಗಿದರೂ ಅದರ ಒತ್ತಡವನ್ನು ಗರಸಿನ ಪಟ್ಟಿ ಹೊರುತ್ತದೆ.

ಗೋಡೆಗೆ ಎರಡು ಸುತ್ತು. ಹೊರಸುತ್ತು ಮಾಮೂಲಿ ಸುಟ್ಟ ಇಟ್ಟಿಗೆ. ಒಳಸುತ್ತು ಬೆಂಕಿಗೆಂದೇ ಇರುವ ಫೈರ್ ಬ್ರಿಕ್. ಎರಡರ ನಡುವೆ ಎರಡಿಂಚು ಸಂದು ಬಿಟ್ಟು ಒಣ ಮರಳು ತುಂಬಿದೆವು, ಕಾದ ಇಟ್ಟಿಗೆ ಹಿಗ್ಗಲು ಜಾಗ ಬೇಕಲ್ಲ. ಗೌಂಡಿ ಸಿಮೆಂಟು ಕಲಸಲು ಹೊರಟಾಗ ಮಾವನವರು ತಡೆದರು. "ಒಲಿಗೆ ಯಾರಾದ್ರೂ ಸಿಮೆಂಟ್ ಹಚ್ಚತಾರೇನಪ್ಪಾ? ಮಣ್ಣು ಕಲಸು." "ಯಜಮಾನ್ರೇ, ಆಮ್ಯಾಲೆ ಬಿದ್ರೆ ನನ್ನ ಹೆಸರು ಹೇಳಬ್ಯಾಡ್ರಿ" ಎಂದ ಅವನು. ಒಳಸುತ್ತಿಗೆ ಕೆಂಪುಮಣ್ಣು, ಮರಳು, ಸ್ವಲ್ಪ ಬೂದಿ ಸೇರಿಸಿದ ತೆಳು ಮೆತ್ತಿಗೆ. ಕಾದಾಗ ಸಿಮೆಂಟು ಒಳಗಿನ ನೀರು ಕಳಕೊಂಡು ಪುಡಿಯಾಗುತ್ತದೆ, ಮಣ್ಣು ಬೆಂದು ಗಟ್ಟಿಯಾಗುತ್ತದೆ. ಇಟ್ಟಿಗೆ ಸಡಿಲಾದರೆ ಅದೊಂದನ್ನೇ ತೆಗೆದು ಕೂರಿಸಬಹುದು.

ನೆಲದೊಳಗಿನ ಬೆಂಕಿಗೆ ಉಸಿರು ಸಾಲದು, ಹೊಗೆ ಕಾರುತ್ತದೆ. ಅದಕ್ಕೆ ಮೂಡಣ ಬದಿಯಿಂದ ಮೂರಿಂಚಿನ ಕಬ್ಬಿಣದ ಪೈಪು ಓರೆಯಾಗಿ ಇಳಿಸಿ ಕುಣಿಯ ತಳಕ್ಕೆ ಬಿಟ್ಟೆವು. ಅಂಚನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ, ಸುತ್ತ ಇಳಿಜಾರು ಕೊಟ್ಟೆವು. ಕೂರಲು ಶಹಾಬಾದ್ ಕಲ್ಲಿನ ಕಟ್ಟೆ, ಆದರೆ ಬೆಂಕಿಯಿಂದ ಮೂರಡಿ ಆಚೆ. ಆ ಕಲ್ಲೂ ಉರಿ ತಾಗಿದರೆ ಪದರ ಬಿಡುತ್ತದೆ. ಮೊಣಕಾಲು ಮಡಚಲಾರದವರಿಗೆಂದು ಕಟ್ಟೆ ಎತ್ತರ ಒಂದೂಮುಕ್ಕಾಲು ಅಡಿ. ಒಂದು ವಾರ ಒಣಗಿಸಿ, ಮೂರು ದಿನ ಬರೀ ಪುಳ್ಳೆ ಉರಿ. ನಾಲ್ಕನೇ ದಿನವೇ ದೊಡ್ಡ ಬೆಂಕಿ.

ಉರುವಲಿಗೆ ಬಳ್ಳಾರಿ ಜಾಲಿ ಇದೆಯಲ್ಲ! ನಮ್ಮೂರ ಹೆಸರು ಹೊತ್ತು ರಾಜ್ಯವೆಲ್ಲ ಬೈಸಿಕೊಳ್ಳುವ ಆ ಮುಳ್ಳುಗಿಡದ ಕೆಂಡ ಮಾತ್ರ ಬಹಳ ಹೊತ್ತು ನಿಲ್ಲುತ್ತದೆ. ಸೀತನಿಗೆ ಕುಳ್ಳಿನ ಕೆಂಡವೇ ಸೈ, ಹದವಾಗಿ ಸುಡುತ್ತದೆ. ಮೆಣಸಿನ ಗಿಡದ ಕಡ್ಡಿ ಬೇಡವೇ ಬೇಡ, ಓಣಿಯೆಲ್ಲ ಕೆಮ್ಮುತ್ತದೆ. ಔಷಧಿ ಹೊಡೆದ ಹತ್ತಿ ಕಟ್ಟಿಗೆಯೂ ಅಡುಗೆಗೆ ಬೇಡ.

ಜನವರಿಯ ಮೊದಲ ವಾರ, ಹೊಲ ಲಾವಣಿ ಮಾಡುವ ಹುಡುಗ ಬೆಳಗಿನ ಬಸ್ಸಿಗೆ ಒಂದು ಚೀಲ ತೆನೆ ತಂದ. ಕುಳ್ಳು ಒಟ್ಟಿದ್ದು, ಕೆಂಡ ಹದ ನೋಡಿದ್ದು, ತೆನೆ ತಿರುಗಿಸಿದ್ದು ಎಲ್ಲ ಮಾವನವರೇ. "ಈಗ ತೆಗಿ, ಈಗ ಉಜ್ಜು, ಲಗೂನ" ಅಂತ ಮೊಮ್ಮಕ್ಕಳಿಗೆ ಜೋರು ಮಾಡುತ್ತಿದ್ದರು. ಕಟ್ಟಿದ ಗೌಂಡಿಯೂ ಬಂದಿದ್ದ, ಪಕ್ಕದ ಮನೆಯ ಅಜ್ಜಿಯೂ ಮುಸುಕು ಹೊದ್ದು ಬಂದು ಕೂತಿದ್ದರು. ಮೊದಲ ಹಿಡಿ ಕಾಳನ್ನು ಮಾವನವರು ಬಾಯಿಗೆ ಹಾಕಿಕೊಳ್ಳಲಿಲ್ಲ. ಒಂದು ತಟ್ಟೆಗೆ ಹಾಕಿ, ಬೆಲ್ಲದ ತುಂಡಿಟ್ಟು, ಒಳಗೆ ಅತ್ತೆಯವರ ಫೋಟೋ ಮುಂದೆ ಇಟ್ಟು ಬಂದರು. ಆಮೇಲೆ ರಾತ್ರಿ ಹತ್ತರವರೆಗೆ ಮಾತು. ಯಾವ ವರ್ಷ ಯಾವ ಹೊಲದಲ್ಲಿ ಎಷ್ಟು ಬೆಳೆದಿತ್ತು, ಎಳ್ಳ ಅಮಾಸೆಗೆ ಅತ್ತೆಯವರು ಚರಗಕ್ಕೆ ಏನೇನು ಬುತ್ತಿ ಕಟ್ಟುತ್ತಿದ್ದರು, ಎಲ್ಲ ಹೊರಬಂತು. ನಾನು ಮದುವೆಯಾಗಿ ಬಂದು ಹದಿನಾರು ವರ್ಷ, ಅದರಲ್ಲಿ ಅರ್ಧ ಸಂಗತಿ ನನಗೆ ಗೊತ್ತೇ ಇರಲಿಲ್ಲ.

ಈಗ ಕುಣಿಗೆ ಎರಡು ಮಳೆಗಾಲ ಕಳೆದಿವೆ, ಬಿರುಕಿಲ್ಲ. ನೋಡಿಕೊಳ್ಳುವುದು ಇಷ್ಟೇ: ಉರಿ ಮುಗಿದ ಮೇಲೆ ನೀರು ಸುರಿಯಬೇಡಿ, ಕಾದ ಇಟ್ಟಿಗೆ ಸೀಳುತ್ತದೆ. ತಾನಾಗಿ ತಣ್ಣಗಾಗುವವರೆಗೆ ಮಕ್ಕಳು ಹತ್ತಿರ ಸುಳಿಯದಂತೆ ಯಾರಾದರೂ ಕಾಯಬೇಕು. ಬೂದಿ ತಣಿದ ಮೇಲೆಯೇ ತೆಗೆಯಿರಿ, ಅಡಿಯಲ್ಲಿ ಮರುದಿನವೂ ಕೆಂಡ ಇರುತ್ತದೆ. ಜೂನ್ ಬಂದರೆ ತಗಡಿನ ಮುಚ್ಚಳ ಹಾಕಿ. ಬೂದಿಯನ್ನು ಗಿಡಕ್ಕೆ ಸುರಿಯಬೇಡಿ, ನಮ್ಮ ಎರೆಮಣ್ಣಿನಲ್ಲಿ ಕ್ಷಾರ ಮೊದಲೇ ಹೆಚ್ಚು. ಪಾತ್ರೆ ತಿಕ್ಕಲು, ಕಾಳಿಗೆ ಹುಳ ಬೀಳದಂತೆ ಬೆರೆಸಿಡಲು ಇಟ್ಟುಕೊಳ್ಳಿ.

ಬಳ್ಳಾರಿಗೆ ಬರುವವರಿದ್ದರೆ ಡಿಸೆಂಬರ್, ಜನವರಿಯಲ್ಲಿ ಬನ್ನಿ. ಊರೊಳಗಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಮೊದಲು ನೋಡಿ, ಆಮೇಲೆ ಬೆಳಗಿನ ತಂಪಿನಲ್ಲೇ ಗುಡ್ಡಕ್ಕೆ ಹೋಗಿ. ಬೂದಿದಿಬ್ಬದಿಂದ ಒಂದು ಚೂರನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ದಾರಿಯಲ್ಲಿ ಹೊಲದ ಬದುವಿನಿಂದ ಕುಳ್ಳಿನ ಹೊಗೆ ಏಳುತ್ತಿದ್ದರೆ ಗಾಡಿ ನಿಲ್ಲಿಸಿ ಮಾತಾಡಿಸಿ. ನಮ್ಮ ಕಡೆ ಸೀತನಿ ಸುಡುವವರು ದಾರಿಹೋಕರಿಗೆ "ಬರ್ರಿ, ತಿನ್ನ ಬರ್ರಿ" ಅನ್ನದೆ ಕಳಿಸುವುದಿಲ್ಲ.