ಮಗಳು ಜೋಡಿಸಿದ ಕಂಪ್ಯೂಟರು

ಹೆಣ್ಣುಮಕ್ಕಳಿರುವ ಮನೆಯಲ್ಲಿ ಚಿನ್ನಕ್ಕೆಂದು ಕೂಡಿಸಿಟ್ಟ ಹಣವನ್ನು ಬೇರೊಂದು ಕೆಲಸಕ್ಕೆ ತೆಗೆಯುವುದು ಸುಲಭವಾದ ಮಾತಲ್ಲವೆಂಬುದನ್ನು ಈ ಸಂಚಿಕೆಯನ್ನು ಓದುವ ತಾಯಂದಿರಿಗೆ ನಾನು ವಿವರಿಸಬೇಕಾದುದಿಲ್ಲ. ನಮ್ಮ ಅತ್ತೆಯವರು ಮೊಮ್ಮಗಳಿಗೆ ಒಂದು ಸರವನ್ನು ಮಾಡಿಸಬೇಕೆಂದು ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳಿಗೆ ಕಟ್ಟುತ್ತ ಬಂದ ಹಣವು 2023ರ ಏಪ್ರಿಲಿನಲ್ಲಿ ಕೈಗೆ ಬಂದಿತು. ಒಟ್ಟು 65,000 ರೂಪಾಯಿ. ಆಗಿನ ದರದಲ್ಲಿ ಹತ್ತು ಗ್ರಾಮಿನ ಸರಕ್ಕೆ ಸಾಲುವಷ್ಟು. ಪಿ.ಯು.ಸಿ. ಪರೀಕ್ಷೆಯನ್ನು ಮುಗಿಸಿ ಮನೆಯಲ್ಲಿದ್ದ ನನ್ನ ಮಗಳು, "ಅಜ್ಜಿ, ನೀವು ಮನಸ್ಸು ಮಾಡುವುದಾದರೆ ನನಗೆ ಸರ ಬೇಡ. ಆ ಹಣದಲ್ಲಿ ಆಟ ಆಡುವ ಕಂಪ್ಯೂಟರೊಂದನ್ನು ನಾನೇ ಜೋಡಿಸಿಕೊಳ್ಳುತ್ತೇನೆ" ಎಂದಳು.

ಓದಿಗಾಗಿ ಬೇಕೆಂದು ಹೇಳಿದ್ದರೆ ಮನೆಯಲ್ಲಿ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಹಾಗೆ ಹೇಳಿಬಿಡೆಂದು ನನ್ನ ತಮ್ಮನು ಅವಳಿಗೆ ಗುಟ್ಟಾಗಿ ಸೂಚಿಸಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ಅವಳು ಒಪ್ಪಲಿಲ್ಲವಂತೆ. ಅತ್ತೆಯವರು ಎರಡು ದಿವಸ ಏನೂ ಹೇಳಲಿಲ್ಲ. ಮೂರನೆಯ ದಿವಸ, "ಯಾವ ಸಾಮಾನಿಗೆ ಎಷ್ಟು, ಅಷ್ಟು ಯಾಕೆ, ಎಂದು ಬರೆದು ನನಗೆ ತೋರಿಸು ಮಗು. ಆಮೇಲೆ ನೋಡೋಣ" ಎಂದರು. ನಮ್ಮ ಶಾಲೆಯಲ್ಲಿ ಗೃಹವಿಜ್ಞಾನದ ಉಪಾಧ್ಯಾಯಿನಿಯವರು ನಮ್ಮಿಂದ ಬರೆಯಿಸುತ್ತಿದ್ದ ಆಯವ್ಯಯದ ಪುಸ್ತಕವು ನನ್ನ ನೆನಪಿಗೆ ಬಂದಿತು. ಅಂಥಾದ್ದೇ ಒಂದು ಗೆರೆ ಪುಸ್ತಕವು ನಮ್ಮ ಊಟದ ಮೇಜಿನ ಮೇಲೆ ಮೂರು ವಾರಗಳ ಕಾಲ ಬಿದ್ದಿತ್ತು.

ಇಂಥ ಯಂತ್ರವನ್ನು ಕೊಳ್ಳುವವರು ಮೊದಲು ಒಳ್ಳೆಯ ಭಾಗ ಯಾವುದೆಂದು ವಿಚಾರಿಸುತ್ತಾರೆ. ನನ್ನ ಮಗಳು ಆಡಬೇಕಾದ ಆಟ ಯಾವುದೆಂಬುದರಿಂದ ಆರಂಭಿಸಿದಳು. ತೊಡುವವರು ಯಾರೆಂದು ತಿಳಿಯದೆ ಬಟ್ಟೆಯನ್ನು ಕತ್ತರಿಸುವುದುಂಟೆ? ಅವಳ ಸೋದರತ್ತೆಯ ಮಕ್ಕಳು ಆಡುವ ವ್ಯಾಲರಂಟ್ ಎಂಬ ಆಟವು ಸಾಧಾರಣವಾದ ಯಂತ್ರದಲ್ಲಿಯೂ ಓಡುತ್ತದೆ. ಇವಳು ಬಯಸಿದ್ದು 2020ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರನ್ನು. ಅದು ವಿಮಾನವನ್ನು ನಡೆಸುವ ಆಟ. ಉಪಗ್ರಹಗಳು ತೆಗೆದ ಚಿತ್ರಗಳ ಆಧಾರದಿಂದ ಭೂಮಂಡಲವನ್ನೆಲ್ಲ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದಕ್ಕೆ 16 ಜಿಬಿ ರ‍್ಯಾಮ್ ಇದ್ದರೆ ಉತ್ತಮ. ತಟ್ಟೆಯಲ್ಲಿ ಸುಮಾರು 150 ಜಿಬಿ ಸ್ಥಳವು ಬೇಕು. ಇದಲ್ಲದೆ ಗಾಳಿ, ಮೋಡ, ವಿಮಾನದ ಚಲನೆ ಇವುಗಳ ಲೆಕ್ಕವನ್ನು ಕ್ಷಣಕ್ಷಣಕ್ಕೂ ಪ್ರೊಸೆಸರು ಮಾಡುತ್ತಿರಬೇಕಾದುದರಿಂದ, ಚಿತ್ರವನ್ನು ಬರೆಯುವ ಗ್ರಾಫಿಕ್ಸ್ ಕಾರ್ಡಿಗೇ ಹಣವನ್ನೆಲ್ಲ ಸುರಿದರೆ ಪ್ರಯೋಜನವಾಗದು.

ಮನೆಯಲ್ಲಿದ್ದ ಮಾನಿಟರು ನನ್ನ ಯಜಮಾನರ ಹಳೆಯದು. ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚಾಗಿ ತೋರಿಸಲಾರದು. ಹೀಗಿರುವಲ್ಲಿ ಸೆಕೆಂಡಿಗೆ 150 ಚಿತ್ರಗಳನ್ನು ಬರೆಯುವ ಕಾರ್ಡನ್ನು ತಂದರೆ ಮಿಕ್ಕ ತೊಂಬತ್ತನ್ನು ನೋಡುವವರು ಯಾರು? ಈ ಒಂದು ವಾಕ್ಯದಿಂದ ಪಟ್ಟಿಯಲ್ಲಿ ಹದಿನೈದು ಸಾವಿರ ರೂಪಾಯಿ ಇಳಿಯಿತು. ಅತ್ತೆಯವರು ಅದನ್ನು ಎರಡು ಸಾರಿ ಓದಿಸಿಕೇಳಿದರು.

ಪಟ್ಟಿಯು ಕಡೆಗೆ ನಿಂತ ಬಗೆ ಹೀಗೆ. ಪ್ರೊಸೆಸರು ರೈಜನ್ 5 5600, ಆರು ಕೋರುಗಳದು, 12,500, ಬಿ550 ಜಾತಿಯ ಮದರ್‌ಬೋರ್ಡು 9,500, ರ‍್ಯಾಮ್ 3,600, ಒಂದು ಟಿಬಿ ಎಸ್‌ಎಸ್‌ಡಿ 4,500, ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡು 21,500, ಎಸ್‌ಎಂಪಿಎಸ್ 4,000, ಕ್ಯಾಬಿನೆಟ್ಟು 3,400. ಒಟ್ಟು 59,000. ಉಳಿದದ್ದು ಆಟದ ಬೆಲೆಗೂ ಇತರ ಸಣ್ಣ ವೆಚ್ಚಗಳಿಗೂ ಮೀಸಲು.

ಇದರಲ್ಲಿ ಒಂದೊಂದು ಸಾಲಿಗೂ ಒಂದೊಂದು ಜಗಳವಾಯಿತು. 2022ರಲ್ಲಿ ಎಎಂ5 ಎಂಬ ಹೊಸ ಪೀಠವು ಬಂದಿರಲಾಗಿ ಹಳೆಯ ಎಎಂ4 ಯಾಕೆಂದು ತಮ್ಮನು ಕೇಳಿದನು. ಹೊಸದಕ್ಕೆ ಡಿಡಿಆರ್5 ರ‍್ಯಾಮನ್ನೇ ಹಾಕಬೇಕು; ಆಗ ಬೋರ್ಡು, ರ‍್ಯಾಮ್ ಎರಡೂ ತುಟ್ಟಿ. ಹಳೆಯದರಲ್ಲಿ ಡಿಡಿಆರ್4 ಸಾಕು. ಎರಡು ಬಗೆಯ ರ‍್ಯಾಮಿನ ಪಟ್ಟಿಗಳೂ ನೋಟಕ್ಕೆ ಒಂದೇ ಆಗಿದ್ದರೂ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. 16 ಜಿಬಿಯನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ ಎಂಟೆಂಟರ ಎರಡಾಗಿ ಕೊಂಡರೆ ಪ್ರೊಸೆಸರಿಗೆ ಎರಡು ದಾರಿಗಳು ಏಕಕಾಲದಲ್ಲಿ ತೆರೆದಿರುತ್ತವೆಂಬುದನ್ನೂ ಅವಳು ಅಂಚಿನಲ್ಲಿ ಬರೆದಿಟ್ಟಿದ್ದಳು.

ಹಳೆಯ ಕಾರ್ಡುಗಳ ಮಾತೂ ಬಂದಿತು. ಈಥೀರಿಯಮ್ ಎಂಬ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಳಿಸುವ ಕ್ರಮವು 2022ರ ಸೆಪ್ಟೆಂಬರಿನಲ್ಲಿ ನಿಂತುಹೋದುದರಿಂದ, ಹಗಲಿರುಳೆನ್ನದೆ ದುಡಿದ ಕಾರ್ಡುಗಳು ಅಗ್ಗವಾಗಿ ಮಾರಾಟಕ್ಕೆ ಬಂದಿದ್ದವು. ನನಗೆ ಆಸೆಯಾಗದೆ ಇರಲಿಲ್ಲ. "ಅಜ್ಜಿಯ ಹಣದಲ್ಲಿ ಗ್ಯಾರಂಟಿ ಇಲ್ಲದ್ದನ್ನು ತರುವುದಿಲ್ಲ, ಅಮ್ಮಾ" ಎಂದು ಅವಳು ಆ ಪುಟವನ್ನು ಮುಗಿಸಿಬಿಟ್ಟಳು.

ಮೇ ತಿಂಗಳಿನ ಒಂದು ಶನಿವಾರ ತುಮಕೂರಿನಿಂದ ರೈಲು ಹತ್ತಿ ಮೂವರೂ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಸಾದರ ಪತ್ರಪ್ಪನವರ ಹೆಸರಿನ ಆ ಇಕ್ಕಟ್ಟಾದ ಬೀದಿಯಲ್ಲಿ ವೈರು, ಫ್ಯಾನು, ಕ್ಯಾಬಿನೆಟ್ಟುಗಳ ರಾಶಿಯ ನಡುವೆ ಒಬ್ಬರ ಹಿಂದೊಬ್ಬರು ನಡೆಯಬೇಕು. ನಾವು ಹೊಕ್ಕ ಅಂಗಡಿಯವರು ಮಗಳು ಕೇಳಿದ ಪ್ರಶ್ನೆಗಳಿಗೆಲ್ಲ ನನ್ನ ತಮ್ಮನ ಮುಖವನ್ನು ನೋಡಿ ಉತ್ತರ ಕೊಡುತ್ತಿದ್ದರು. ಅವನಾದರೋ ಏನೂ ತಿಳಿಯದೆ ತಲೆಯಾಡಿಸುತ್ತಿದ್ದನು. ಪಟ್ಟಿಯಲ್ಲಿ ಎಸ್‌ಎಂಪಿಎಸ್ ಬಂದಾಗ ಅವರು, "ಇದಕ್ಕೆ ನಾಲ್ಕು ಸಾವಿರ ಯಾಕೆ ಸಾರ್? ಸಾವಿರದ ಇನ್ನೂರರಲ್ಲಿ ಐನೂರು ವ್ಯಾಟಿನದು ಕೊಡುತ್ತೇನೆ. ಒಳಗಿರುವುದನ್ನು ಯಾರು ನೋಡುತ್ತಾರೆ? ಮಿಕ್ಕ ಹಣಕ್ಕೆ ಬಣ್ಣದ ದೀಪದ ಫ್ಯಾನು ಹಾಕಿಸಿ" ಎಂದರು.

ಆಗ ಅವಳು ಗೆರೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಸಾವಧಾನವಾಗಿ ಹೇಳಿದಳು: "ಅಣ್ಣಾ, ಕಾರ್ಡಿಗೆ 132 ವ್ಯಾಟ್, ಪ್ರೊಸೆಸರಿಗೆ 65. ಉಳಿದದ್ದೆಲ್ಲ ಸೇರಿದರೂ 300 ದಾಟುವುದಿಲ್ಲ. ಆದರೆ ನಮ್ಮೂರಿನಲ್ಲಿ ಕರೆಂಟು ಹೋಗಿ ಬರುತ್ತಿರುತ್ತದೆ. ಈ ಡಬ್ಬಿ ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಜೊತೆಯಲ್ಲಿರುವುದನ್ನೂ ಸುಟ್ಟುಹಾಕಬಹುದು. ನೀವು ಹೇಳುವುದರಲ್ಲಿ 80 ಪ್ಲಸ್ ಗುರುತು ಎಲ್ಲಿದೆ ತೋರಿಸಿ." ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ 80 ಪಾಲಾದರೂ ಯಂತ್ರಕ್ಕೆ ಮುಟ್ಟಬೇಕೆಂಬುದು ಆ ಗುರುತಿನ ಅರ್ಥವಂತೆ. ಅಂಗಡಿಯವರು ಡಬ್ಬಿಯನ್ನು ತಿರುಗಿಸಿ ನೋಡಿ ನಕ್ಕು, ಒಳಗಿನಿಂದ 550 ವ್ಯಾಟಿನ ಬ್ರಾಂಜ್ ದರ್ಜೆಯದನ್ನು ತರಿಸಿದರು. ಅಲ್ಲಿಂದ ಮುಂದೆ ಅವರ ಮಾತೆಲ್ಲ ಅವಳೊಡನೆಯೇ ನಡೆಯಿತು. ಕಾರ್ಡಿನ ಉದ್ದವನ್ನೂ ಕ್ಯಾಬಿನೆಟ್ಟಿನ ಒಳಗಿನ ಜಾಗವನ್ನೂ ಅವಳು ಟೇಪು ಹಿಡಿದು ಅಳೆದುದಕ್ಕೆ ಅವರು ತಾವೇ ಟೇಪಿನ ಒಂದು ತುದಿಯನ್ನು ಹಿಡಿದುಕೊಂಡರು.

ಜೋಡಿಸುವ ಕೆಲಸವು ಮಾರನೆಯ ದಿನ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ವರೆಗೂ ನಡೆಯಿತು. ಆ ಪ್ರೊಸೆಸರಿನ ಅಡಿಯಲ್ಲಿ ಕೂದಲಿನಂತಹ 1,331 ಕಡ್ಡಿಗಳಿರುತ್ತವೆ. ಮೂಲೆಯ ತ್ರಿಕೋನದ ಗುರುತನ್ನು ಪೀಠದ ಗುರುತಿಗೆ ಸರಿಹೊಂದಿಸಿ, ಒತ್ತದೆ, ತನ್ನ ಭಾರದಿಂದಲೇ ಇಳಿಯಬಿಡಬೇಕು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆನು. ಕಡೆಗೆ ಗುಂಡಿಯನ್ನು ಒತ್ತಿದಾಗ ಫ್ಯಾನುಗಳು ತಿರುಗಿದವು, ತೆರೆಯು ಮಾತ್ರ ಕಪ್ಪಾಗಿಯೇ ಇತ್ತು. "ಅರವತ್ತು ಸಾವಿರ!" ಎಂದು ತಮ್ಮನು ತಲೆಯ ಮೇಲೆ ಕೈಹೊತ್ತನು. ಅವಳು ಹಿಂಬದಿಗೆ ಬಗ್ಗಿ ನೋಡಿ, "ಮಾವ, ಕೇಬಲನ್ನು ಬೋರ್ಡಿಗೆ ಸಿಕ್ಕಿಸಿದ್ದೀರಿ. ಈ ಪ್ರೊಸೆಸರಿಗೆ ಚಿತ್ರ ತೋರಿಸುವ ಶಕ್ತಿಯಿಲ್ಲ, ಕಾರ್ಡಿಗೇ ಹಾಕಬೇಕು" ಎಂದು ಬದಲಾಯಿಸಿದಳು. ತೆರೆಯು ಬೆಳಗಿತು.

ಅತ್ತೆಯವರು ಕುರ್ಚಿಯನ್ನು ಎಳೆಯಿಸಿಕೊಂಡು ಕೂತು, ತಾವು ಹುಟ್ಟಿದ ಹಳ್ಳಿಯನ್ನು ತೋರಿಸೆಂದರು. ವಿಮಾನವು ಅಲ್ಲಿಗೆ ಮುಟ್ಟುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಮನೆಗಳೆಲ್ಲ ಯಂತ್ರವು ಊಹಿಸಿ ಕಟ್ಟಿದವು, ಒಂದೂ ಸರಿಯಿರಲಿಲ್ಲ. ಕೆರೆಯ ಆಕಾರವು ಮಾತ್ರ ಇದ್ದಂತೆಯೇ ಇತ್ತು. ಏರಿಯ ತಿರುವನ್ನು ಅವರು ಬೆರಳಿನಿಂದ ತೋರಿಸಿ ಗುರುತು ಹೇಳಿದರು.

ಚಿನ್ನದ ಬೆಲೆಯು 2025ರ ಹೊತ್ತಿಗೆ ಇಮ್ಮಡಿಯಾಯಿತೆಂದು ನನ್ನ ನಾದಿನಿಯು ಲೆಕ್ಕ ಹಾಕಿ ಹೇಳುವುದುಂಟು. ಲೆಕ್ಕವು ಸರಿಯೇ. ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅದೇ ಬೋರ್ಡಿನಲ್ಲಿ ಕೂರುವ ಇನ್ನೊಂದು ಪ್ರೊಸೆಸರಿಗೆಂದು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ತಾನೇ ಹಣ ಕೂಡಿಸುತ್ತಿದ್ದಾಳೆ. ಗೆರೆ ಪುಸ್ತಕದಲ್ಲಿ ಹೊಸ ಪುಟವನ್ನು ಆರಂಭಿಸಿದ್ದಾಳೆ. ಅದನ್ನು ಓದಿಸಿಕೇಳುವವರು ಈಗಲೂ ಅತ್ತೆಯವರೇ.